ರುಕ್ಮಿಣಿಯನ್ನು ನಾನು ಬಿಟ್ಟುಕೊಡಲಿಲ್ಲ

ನನ್ನ ದೊಡ್ಡಮ್ಮನಿಗೆ,

ಡೊಂಬಿವ್ಲಿ ಸ್ಟೇಷನ್ನಿನ ಮೇಲ್ಸೇತುವೆ ಇಳಿಯುತ್ತಿದ್ದಾಗ ಆ ಫೋನ್ ಬಂತು. ಹಿಂದಿಯಲ್ಲಿ ಮಾತಾಡಿದ ಹುಡುಗಿ ತನ್ನ ಹೆಸರು ರೇಣುಕಾ ಎಂದಳು. ನಿನ್ನ ಕಾದಂಬರಿಯ ಮರಾಠಿ ಅನುವಾದ ಓದಿದ್ದಾಳಂತೆ. ಕಲ್ಯಾಣದಲ್ಲಿ ಮೆಣಸಿನಕಾಯಿ ಸಗಟು ವ್ಯಾಪಾರ ಮಾಡುವ ಎರಡು ಪೇಢಿಗಳ ಜಗಳವನ್ನು ಟೀವಿಗೆ ಎಂಟು ಕಂತಿನ ಸರಣಿಯಾಗಿ ತರಬೇಕು, ಅದರ ಹಕ್ಕು ಯಾರ ಬಳಿ ಇದೆ ಎಂದು ಕೇಳಿದಳು. ಹಿಂದಿನಿಂದ ಜನ ನುಗ್ಗುತ್ತಿದ್ದರು. ನಾನು ಕಂಬಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಹಕ್ಕು ನನ್ನ ಬಳಿ ಇದೆ, ನನ್ನ ದೊಡ್ಡಮ್ಮ ಬರೆದುಕೊಟ್ಟು ಹೋಗಿದ್ದಾರೆ ಎಂದೆ. ನೀನು ಹೋಗಿ ನಾಲ್ಕು ವರ್ಷವಾಗಿತ್ತು. ಇವರೆಲ್ಲ ಸ್ವಲ್ಪ ಮೊದಲೇ ಬರಬಾರದಿತ್ತೇ?

ಪುಸ್ತಕ ಬಿಡುಗಡೆಯ ಸಂಜೆ ನಿನಗೆ ನೆನಪಿದೆಯಾ? ನಾನಾಗ ಹತ್ತನೇ ಕ್ಲಾಸು. ಅತಿಥಿಯಾಗಿ ಬಂದಿದ್ದ ಹೋಟೆಲಿನ ಯಜಮಾನರು ಮೈಕಿನಲ್ಲೇ ನಗುತ್ತಾ, "ವ್ಯಾಪಾರದ ಗುಟ್ಟೆಲ್ಲ ಇವರಿಗೆ ಹೇಳಿಕೊಟ್ಟದ್ದು ಯಾರು ಮಾರಾಯ್ರೆ?" ಎಂದರು. ಮುಂದಿನ ಸಾಲಿನವರು ನಕ್ಕರು. ಮದುವೆಯಾಗದ ಹೆಂಗಸಿಗೆ ಆ ಪ್ರಶ್ನೆ ಯಾಕೆ ಕೇಳಿದರೆಂದು ನನಗೆ ಹೊಳೆಯಲಿಲ್ಲ, ನಿನಗೆ ಹೊಳೆಯಿತು. ನೀನು ಎದ್ದು ನಿಂತು, "ಹದಿನೆಂಟು ವರ್ಷ ಪೇಢಿಯಲ್ಲಿ ಟೈಪಿಸ್ಟಾಗಿ ಕೂತದ್ದು ನಾನು. ಅವರ ಸುಳ್ಳೆಲ್ಲ ಮೊದಲು ಗೊತ್ತಾಗುದು ನನ್ನ ಬೆರಳಿಗೆ" ಎಂದೆ. ಅಮ್ಮ ತಲೆ ತಗ್ಗಿಸಿದಳು. ತಂಗಿಯಾಗಿ ಅವಳಿಗೆ ನಿನ್ನ ಮಾತಿನ ಭಯ ಯಾವಾಗಲೂ ಇತ್ತಲ್ಲ. ನಾನು ಮಾತ್ರ ಚಪ್ಪಾಳೆ ತಟ್ಟಿದೆ.

ರೇಣುಕಾ ಕರೆದಂತೆ ಮಾಜಿವಾಡಾದ ಟೀವಿ ಸಂಸ್ಥೆಯ ಕಚೇರಿಗೆ ಹೋದ ದಿನ ನಿನ್ನ ಹತ್ತಿ ಸೀರೆ ಉಟ್ಟುಕೊಂಡಿದ್ದೆ. ಹೈವೇ ಕಾಣುವ ಗಾಜಿನ ಕೋಣೆ. ನಿರ್ಮಾಪಕರು ಬಲು ವಿನಯದ ಮನುಷ್ಯ, ಕುರ್ಚಿ ಎಳೆದುಕೊಟ್ಟರು. ಗೋಡೆಯ ಬಿಳಿ ಹಲಗೆಯ ಮೇಲೆ ನಿನ್ನ ಕಥೆಯನ್ನು ಎಂಟು ಚೌಕಗಳಲ್ಲಿ ಬರೆದಿದ್ದರು. ಓದುತ್ತಾ ಹೋದಂತೆ ನನಗೆ… ಏನು ಹೇಳಲಿ? ನಿನ್ನ ಪುಸ್ತಕದ ರುಕ್ಮಿಣಿ ಬೆಳಿಗ್ಗೆ ದೊಡ್ಡ ಪೇಢಿಗೆ, ಮಧ್ಯಾಹ್ನ ಎದುರಾಳಿ ಪೇಢಿಗೆ ಟೈಪ್ ಮಾಡುವವಳು. ಇಬ್ಬರ ಗುಟ್ಟೂ ಬಲ್ಲವಳು. ಹಲಗೆಯ ಮೇಲೆ ಅವಳು ಚಿಕ್ಕ ಯಜಮಾನನ ಪ್ರೇಯಸಿಯಾಗಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಮುಷ್ಕರ ಇಡೀ ಮಾಯವಾಗಿತ್ತು. ಅವರಿಗಾಗಿ ರುಕ್ಮಿಣಿ ಟೈಪ್ ಮಾಡಿಕೊಡುವ ಬೇಡಿಕೆ ಪತ್ರವೂ ಇರಲಿಲ್ಲ. ಎಂಟನೇ ಚೌಕದಲ್ಲಿ ಮದುವೆ: ಎರಡು ಮನೆತನ ಒಂದಾಗಿ ಸುಖಾಂತ್ಯ.

"ಪೇಢಿಗಳು ಒಂದಾಗುವುದು ಪುಸ್ತಕದಲ್ಲೂ ಇದೆ," ಎಂದೆ. "ಆದರೆ ಆ ಹೆಂಗಸರನ್ನು ಬಗ್ಗಿಸಲಿಕ್ಕೆ ಒಂದಾಗ್ತಾರೆ. ಇಪ್ಪತ್ತು ವರ್ಷ ಕಚ್ಚಾಡಿದವರು ಒಂದೇ ದಿನದಲ್ಲಿ."

"ಮೇಡಂ, ಅದೆಲ್ಲ ಬಹುತ್ ಹೆವಿ ಹೋ ಜಾಯೇಗಾ," ಎಂದು ಅವರು ನಕ್ಕರು. ಜನ ಊಟ ಮಾಡುತ್ತಾ ನೋಡುವ ಸರಣಿಯಲ್ಲಿ ಮುಷ್ಕರ ಯಾಕೆ ಎಂದು ಕೇಳಿದರು. ನಿರ್ದೇಶಕಿಯಾಗಿದ್ದ ರೇಣುಕಾ ಮೂಲೆಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು. ನಾನು ಸಹಿ ಮಾಡದೆ ಒಪ್ಪಂದದ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಅಮ್ಮನಿಗೆ ವಿಷಯ ಹೇಳಿದಾಗ ಅವಳು ಬಸಳೆ ಬಿಡಿಸುತ್ತಿದ್ದಳು. "ಒಪ್ಪಿಕೊ ಮಾರಾಯ್ತಿ. ಅಕ್ಕನ ಹೆಸರಾದರೂ ಟೀವಿಯಲ್ಲಿ ಬರ್ತದೆ. ಅವಳು ಬದುಕಿರುವಾಗ ಯಾರು ಕೇಳಿದ್ದಾರೆ ಹೇಳು?" ನಿನಗೆ ಸುಳ್ಳು ಹೇಳುವುದಿಲ್ಲ ದೊಡ್ಡಮ್ಮ, ನನ್ನ ಮನಸ್ಸು ಅಲುಗಾಡಿತು. ಪರದೆ ತುಂಬ ನಿನ್ನ ಹೆಸರು ಬಂದರೆ ಸಾಲದೇ, ಉಳಿದದ್ದು ಯಾರಿಗೆ ಬೇಕು ಎಂದು ಎರಡು ದಿನ ಯೋಚಿಸಿದೆ. ಪೆನ್ನು ಹುಡುಕಿಯೂ ಆಗಿತ್ತು. ಕೊನೆಗೆ, ಸಹಿ ಮಾಡುವ ಮೊದಲು ಒಮ್ಮೆ ಓದೋಣ ಎಂದು ಮುಷ್ಕರದ ಅಧ್ಯಾಯ ತೆರೆದೆ… ಆಮೇಲೆ ಹೇಗೆ ಮಾಡಲಿ?

ಆ ಭಾನುವಾರ ಬೆಳಿಗ್ಗೆ ರೇಣುಕಾ ಹೇಳದೆ ಕೇಳದೆ ನಮ್ಮ ಮನೆಗೆ ಬಂದಳು. ಜೊತೆಗೆ ಅವಳ ಅವ್ವ ಭೀಮವ್ವ. ರಾಯಚೂರಿನ ಕಡೆಯವರು. ಗಂಡ ಖಾರಘರದ ಎತ್ತರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು. ಈಕೆ ವಾಶಿಯ ಮಾರ್ಕೆಟ್ಟಿನಲ್ಲಿ ಒಣಮೆಣಸಿನಕಾಯಿ ತೊಟ್ಟು ಬಿಡಿಸಿದವರು. ರೇಣುಕಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಆಯೀ ಕೋ ಪಢನಾ ನಹೀ ಆತಾ. ಆಪ್ ಪಢಕೇ ಸುನಾಯೇಂಗೀ?" ಎಂದು ಕೇಳಿದಳು. ಅಕ್ಷರ ಬಾರದ ಅವಳ ಅವ್ವನಿಗೆ ಮುಷ್ಕರದ ಅಧ್ಯಾಯವನ್ನು ನಾನು ಓದಿ ಹೇಳಿದೆ. ಮೆಣಸಿನಕಾಯಿ ಕೈಯಿಂದ ಕೂಸನ್ನು ಮುಟ್ಟಿದರೆ ಉರಿಯುತ್ತದೆಂದು ಆ ಹೆಂಗಸರು ಸಂಜೆ ಮಕ್ಕಳ ಕೆನ್ನೆಯನ್ನು ಮೊಣಕೈಯಿಂದ ಸವರುತ್ತಿದ್ದರೆಂದು ನೀನು ಬರೆದಿದ್ದೀಯಲ್ಲ, ಆ ಸಾಲಿಗೆ ಬಂದಾಗ ಭೀಮವ್ವ ಕೈ ಎತ್ತಿ ತಡೆದರು.

"ನಿಂದ್ರು ಯವ್ವಾ. ಇದನ್ನ ಬರದಾಕಿ ನಮ್ಮ ಮಗ್ಗಲಾಗ ಕುಂತಾಳ."

ರೇಣುಕಾ ಅವರತ್ತ ತಿರುಗಿದಳು. ಅಂದು ಮೊದಲ ಸಲ ಅವಳ ಬಾಯಲ್ಲಿ ಕನ್ನಡ ಕೇಳಿದೆ. "ಅವ್ವಾ, ನೀನೂ ಹಂಗ ಮಾಡ್ತಿದ್ದಿ?"

"ಮತ್ತೇನ್ ಮಾಡ್ಲಿ? ನೀ ಅಳ್ತಿದ್ದಿ."

ಅಮ್ಮ ಒಳಗಿನಿಂದ ಕಾಫಿ ತಂದವಳು ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಅವರು ಹೊರಟ ಮೇಲೆ, "ಸಹಿ ಹಾಕಬೇಡ" ಎಂದಷ್ಟೇ ಹೇಳಿ ಲೋಟ ತೊಳೆಯಲು ಹೋದಳು. ಅಕ್ಕನ ಪರ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎರಡನೇ ಸಲ ಮಾಜಿವಾಡಾಕ್ಕೆ ಹೋದಾಗ ಕೂರಲಿಲ್ಲ. ಕಾಗದಗಳನ್ನು ಮೇಜಿನ ಮೇಲಿಟ್ಟು, ಮುಷ್ಕರ ಇಲ್ಲದಿದ್ದರೆ ಕಾದಂಬರಿಯೂ ಇಲ್ಲ ಎಂದೆ. ನಿರ್ಮಾಪಕರ ವಿನಯ ಅಲ್ಲಿಗೆ ಮುಗಿಯಿತು. ಕನ್ನಡದಲ್ಲಿ ಎಷ್ಟು ಜನ ಓದಿದ್ದಾರೆ ಈ ಪುಸ್ತಕವನ್ನು, ಇಂಥ ಅವಕಾಶ ಮತ್ತೆ ಬರುತ್ತದಾ ಎಂದು ಕೇಳಿದರು. ಬರದಿದ್ದರೆ ಬೇಡ ಎಂದೆ. ರೇಣುಕಾ ತನ್ನ ಲ್ಯಾಪ್‌ಟಾಪ್ ಮುಚ್ಚಿ, "ಮೈ ಭೀ ನಹೀ ಕರೂಂಗೀ" ಎಂದು ನನ್ನ ಹಿಂದೆಯೇ ಹೊರಗೆ ಬಂದಳು. ರಿಕ್ಷಾಕ್ಕೆ ಕಾಯುತ್ತಾ ನಿಂತಾಗ ಇಬ್ಬರಿಗೂ ವಿಚಿತ್ರ ನಗು. ಅವಳಿಗೆ ಕೆಲಸ ಹೋಗಿತ್ತು, ನನಗೆ ನಿನ್ನ ಹೆಸರು ಟೀವಿಯಲ್ಲಿ ನೋಡುವ ಆಸೆ ಹೋಗಿತ್ತು.

ಒಂದು ವರ್ಷ ಏನೂ ಆಗಲಿಲ್ಲ. ಆಮೇಲೊಂದು ದಿನ ಬ್ಯಾಂಕಿನಲ್ಲಿ, ನನ್ನ ಊಟದ ಹೊತ್ತಿಗೆ, ರೇಣುಕಾಳ ಫೋನ್. ಒಂದು ಸಣ್ಣ ಸಂಸ್ಥೆ ಒಪ್ಪಿದೆ. ಎಂಟು ಕಂತು ಆಗುವುದಿಲ್ಲ, ನಾಲ್ಕೇ. ನೀನು ಅಷ್ಟು ಪ್ರೀತಿಯಿಂದ ಬರೆದ ಖಾಡಿಯ ಹಿನ್ನೀರಿನಲ್ಲಿ ಓಡುವ ದೋಣಿಗಳ ಅಧ್ಯಾಯ ಕೈಬಿಡಬೇಕಾಯಿತು. ಸರಣಿಯ ಮಾತು ಹಿಂದಿಯಲ್ಲೇ. ಆದರೆ ತೊಟ್ಟು ಬಿಡಿಸುವ ಹೆಂಗಸರು ತಮ್ಮತಮ್ಮೊಳಗೆ ಕನ್ನಡವನ್ನೇ ಆಡಬೇಕೆಂದು ನಾನು ಹಠ ಹಿಡಿದೆ. ಕಲ್ಯಾಣದ ಹಳೇ ಬಜಾರಿನಲ್ಲಿ ಶೂಟಿಂಗ್ ನಡೆದಾಗ ಭೀಮವ್ವ ನಟಿಯರ ಪಕ್ಕದಲ್ಲಿ ಕೂತು, "ಹಂಗ ನಾಜೂಕಿಲೆ ಹಿಡಿಬ್ಯಾಡ್ರೀ, ಅದೇನ್ ಮಲ್ಲಿಗಿ ಏನು?" ಎಂದು ಬೈದು ಕಲಿಸಿದರು. ಎಷ್ಟು ನಗುತ್ತಿದ್ದೆಯೋ ನೀನು.

ಕೊನೆಯ ಕಂತನ್ನು ನಾವು ಖಾರಘರದ ಭೀಮವ್ವನ ಮನೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ನೋಡಿದೆವು. ಅವರೊಡನೆ ದುಡಿದ ಏಳೆಂಟು ಹೆಂಗಸರು ನೆಲದ ಮೇಲೆ ಕೂತಿದ್ದರು. ಅಮ್ಮನೂ ಅವರ ನಡುವೆಯೇ ಕೂತಳು, ಮಂಡಿ ನೋವನ್ನು ಮರೆತು. ಪರದೆಯ ಮೇಲೆ ಇಬ್ಬರು ಯಜಮಾನರು ತಬ್ಬಿಕೊಂಡರು. ಕಲಬುರಗಿಯ ಮುದುಕಿಯೊಬ್ಬರು ಟೀವಿಗೇ ಕೈ ಮಾಡಿ, "ನೋಡ್ರಿ ನೋಡ್ರಿ! ನಾವು ಕೆಲಸ ಬಿಟ್ಟು ಕುಂತ್ವಿ ಅಂದಕೂಡ್ಲೆ ಅಣ್ಣತಮ್ಮರಾದ್ರು!" ಎಂದು ಕೂಗಿದರು. ರುಕ್ಮಿಣಿ ಎರಡೂ ಕೆಲಸ ಕಳೆದುಕೊಂಡು, ಹೆಂಗಸರ ಜೊತೆ ಬಾಗಿಲಾಚೆ ಬಂದು ಕೂತಳು. ನೀನು ಬರೆದ ಹಾಗೆಯೇ. ಆಮೇಲೆ ನಿನ್ನ ಹೆಸರು ಬಂತು, ಅಪ್ಪನ ಹೆಸರೂ ಗಂಡನ ಹೆಸರೂ ಇಲ್ಲದೆ. ಅಮ್ಮ ಅದನ್ನು ಗಟ್ಟಿಯಾಗಿ ಓದಿದಳು.

ಕಳೆದ ವಾರ ಮತ್ತೆ ಫೋನ್ ಬಂದಿತ್ತು, ಈ ಸಲ ಆ ಸಣ್ಣ ಸಂಸ್ಥೆಯಿಂದಲೇ. ಸರಣಿ ಜನರಿಗೆ ಹಿಡಿಸಿದೆಯಂತೆ. ಎರಡನೇ ಭಾಗ ಮಾಡುತ್ತಾರಂತೆ. ಅದರಲ್ಲಿ ರುಕ್ಮಿಣಿ ಶ್ರೀಮಂತಳಾಗಿ ಮರಳಿ ಬಂದು ಮೂರನೇ ಪೇಢಿ ತೆರೆದು ಅವರಿಬ್ಬರನ್ನೂ ಸೋಲಿಸುತ್ತಾಳಂತೆ. ಕಾಗದಗಳನ್ನು ಮನೆಗೇ ಕಳಿಸಿದ್ದಾರೆ. ರೇಣುಕಾ ಈಗಾಗಲೇ ತನ್ನಿಂದಾಗದು ಎಂದಿದ್ದಾಳೆ. ನನ್ನ ಉತ್ತರಕ್ಕೆ ಶುಕ್ರವಾರದವರೆಗೆ ಕಾಯುತ್ತೇವೆ ಎಂದರು.

ಕಾಯುವುದು ಬೇಡ, ನನ್ನ ಸಹಿ ಸಿಗುವುದಿಲ್ಲ ಎಂದು ಇವತ್ತೇ ಹೇಳಿಬಿಟ್ಟೆ.

ನಿನ್ನ
ಸುಮಾ