ನನ್ನದೇ ಅಕ್ಷರದ ಚೀಟಿ

ಮಾರ್ಚ್ 1, ಭಾನುವಾರ — ಸಂಜೆ 5.40

ಮೂರನೆಯ ಅಧ್ಯಾಯದ ಕರಡನ್ನು ಕಾಗದದ ಮೇಲೆ ತಿದ್ದಿ ಮುಗಿಸಿದೆ. ನಕ್ಷೆ ಹದಿನಾಲ್ಕು, ತಪ್ಪು ಸೊನ್ನೆ. ಪ್ರಬಂಧ ಸಲ್ಲಿಸಲು ಇನ್ನು ಹನ್ನೆರಡು ದಿನ.

ಹಾರ್ಡ್ ಡ್ರೈವ್ ಶುಕ್ರವಾರದಿಂದ ದಶಮಾಂಶಳ ಬಳಿ ಇದೆ. ನೋಟ್ಸ್ ಬೇಕೆಂದು ಕೇಳಿದಳು. (ತರಗತಿಯಲ್ಲಿ ನನಗಿಂತ ಸೊನ್ನೆ ದಶಮಾಂಶ ಮೂರು ಅಂಕ ಹಿಂದೆ. ಮನಸ್ಸಿನಲ್ಲಿ ಅವಳಿಗೆ ಅದೇ ಹೆಸರು.) ಡ್ರೈವ್ ಮಾತ್ರ ಒಯ್ದಳು. ಅಡಾಪ್ಟರ್ ಲ್ಯಾಬಿನಲ್ಲೇ ಒಂದಿದೆ.

ಬಿಡುವಿತ್ತು. ಮೇಜಿನ ಕೆಳಗಿನ ವೈರುಗಳ ಗೋಜಲನ್ನೆಲ್ಲ ಕಿತ್ತು, ಬಿಡಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. “ಮ್ಯೂಸಿಯಂ ಮಾಡಿಟ್ಟಿದ್ದೀಯಲ್ಲೇ! ಮುಟ್ಟೋಕೇ ಭಯ ಆಗುತ್ತೆ.”

ಯಾರೂ ಮುಟ್ಟದಿರಲಿ ಎಂದೇ ಅಷ್ಟು ಅಚ್ಚುಕಟ್ಟು.

ಮಾರ್ಚ್ 3, ಮಂಗಳವಾರ — ಬೆಳಿಗ್ಗೆ 7.15

ನಿನ್ನೆ ಸಂಜೆ ಡ್ರೈವ್ ಮರಳಿ ಬಂತು. ಈಗ ಜೋಡಿಸಿದೆ. ನೀಲಿ ದೀಪ ಹತ್ತಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ — ಏನೂ ಇಲ್ಲ. ಕಿತ್ತು ಮತ್ತೆ ಚುಚ್ಚಿದೆ. ಏನೂ ಇಲ್ಲ.

ಅದೇ ದಿನ — 9.50

ಕೇಬಲ್ ಬದಲಿಸಿದೆ. ಪೋರ್ಟ್ ಬದಲಿಸಿದೆ. ರೀಸ್ಟಾರ್ಟ್. ಡ್ರೈವರ್ ಅಪ್‌ಡೇಟ್. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಲ್ಯಾಪ್‌ಟಾಪಿನ ಸ್ವಂತ ಡಿಸ್ಕ್ ಮಾತ್ರ ಕುಳಿತಿದೆ. ಅಮ್ಮನ ಹಳೆಯ ಲ್ಯಾಪ್‌ಟಾಪಿನಲ್ಲೂ ಅಷ್ಟೇ. ಡ್ರೈವಿಗೆ ಕಿವಿಗೊಟ್ಟೆ. ಸದಾ ಕೇಳುತ್ತಿದ್ದ ಸಣ್ಣ ಗುಂಯ್‌ಗುಡುವಿಕೆ ಇಲ್ಲ.

ಹನ್ನೊಂದು ತಿಂಗಳು. ರೈಲು ಹಳಿಯ ಮೇಲಿನ ಕಾಲುಸೇತುವೆ ಜನರ ನಡಿಗೆಗೆ ಎಷ್ಟು ಕಂಪಿಸುತ್ತದೆ — ಗಂಟೆಗೊಂದು ರೀಡಿಂಗ್. ಸೇತುವೆಯನ್ನು ಜನವರಿಯಲ್ಲಿ ಕೆಡವಿದರು. ಇನ್ನೊಮ್ಮೆ ಅಳೆಯಲು ಅದು ಇಲ್ಲ.

ಎರಡು ಪ್ರತಿ ಇಲ್ಲದ ಮಾಹಿತಿ ಮಾಹಿತಿಯೇ ಅಲ್ಲ ಎಂದು ತರಗತಿಯ ಗ್ರೂಪಿನಲ್ಲಿ ಬರೆದವಳು ನಾನು. ನನ್ನ ಬಳಿ ಎರಡು ಪ್ರತಿ ಇವೆ. ಎರಡು ಫೋಲ್ಡರ್, ಎರಡು ಬಣ್ಣ. ಎರಡೂ ಇದೇ ಡ್ರೈವಿನಲ್ಲಿ.

ಅಯ್ಯೋ. ಈ ಪದವನ್ನು ಇಲ್ಲಿ ಮೊದಲ ಬಾರಿ ಬರೆಯುತ್ತಿದ್ದೇನೆ.

ನಡುವೆ ಅಮ್ಮ ಬಂದಳು. “ಪ್ರಿಂಟರ್ ಯಾಕೋ ಆನೇ ಆಗ್ತಿಲ್ಲ ಕಣೇ. ಟ್ಯೂಷನ್ ಮಕ್ಕಳಿಗೆ ಪ್ರಶ್ನೆಪತ್ರಿಕೆ ಬೇಕು. ಸ್ವಲ್ಪ ನೋಡ್ತೀಯಾ?”

“ನನ್ನ ಜೀವ ಹೋಗ್ತಿದೆ, ನಿನಗೆ ಪ್ರಿಂಟರ್ ಚಿಂತೆ!”

ಅವಳು ಹೋಗಿ ಕೈಯಲ್ಲೇ ಬರೆಯಲು ಕುಳಿತಳು.

ಮಾರ್ಚ್ 4, ಬುಧವಾರ — ಮಧ್ಯಾಹ್ನ 2.00

ಲ್ಯಾಬಿನಲ್ಲಿ, ಆರು ಜನರ ಮುಂದೆ ದಶಮಾಂಶಳನ್ನು ಕೇಳಿದೆ. “ಚೆನ್ನಾಗಿದ್ದ ಡ್ರೈವ್ ನಿನ್ನ ಕೈಗೆ ಹೋಗಿ ಬಂದ್ಮೇಲೆ ಸತ್ತಿದೆ. ಏನು ಮಾಡಿದೆ?”

“ನಾನೇನೂ ಮಾಡಿಲ್ಲ ಕಣೇ. ಕೊಡೋವಾಗ್ಲೂ ನೋಡಿಯೇ ಕೊಟ್ಟೆ.”

“ನನ್ನ ರ‍್ಯಾಂಕ್ ಹೋದ್ರೆ ಯಾರಿಗೆ ಲಾಭ ಅಂತ ಇಲ್ಲಿ ಎಲ್ಲರಿಗೂ ಗೊತ್ತು.”

“ವಕೀಲಮ್ಮ, ಸಾಕ್ಷಿ ಎಲ್ಲಿ?” ಎಂದು ಹಿಂದಿನಿಂದ ಯಾರೋ. ಒಬ್ಬಿಬ್ಬರು ನಕ್ಕರು. ಅವಳು ನಗಲಿಲ್ಲ. ಚೀಲ ಎತ್ತಿಕೊಂಡು ಹೊರಟಳು. ಮುಖದಲ್ಲಿ ಅಳುಕಿತ್ತು. ಖಂಡಿತ ಇತ್ತು. ನಾನು ಕಂಡೆ.

ಮಾರ್ಚ್ 7, ಶನಿವಾರ — ಮಧ್ಯಾಹ್ನ 12.30

ಅಕ್ಷರ ಕೆಡುತ್ತಿದೆ. ಕೆಡಲಿ.

ಮೆಟ್ಟಿಲ ಕೆಳಗಿನ ರಿಪೇರಿ ಅಂಗಡಿ. ರಿಪೇರಿಯವರು ಡ್ರೈವಿನ ಹೊದಿಕೆ ಬಿಚ್ಚಿ ಮೂಸಿದರು. “ಯಾವ ಅಡಾಪ್ಟರ್ ಹಾಕಿದ್ರಮ್ಮ?”

“ಇದರದ್ದೇ. ಚೀಟಿ ಇದೆ, ನೋಡಿ.”

“ಅಕ್ಷರ ಮುತ್ತಿನ ಹಾಗಿದೆ. ಅದರ ಕೆಳಗಿರೋದನ್ನ ಓದಿದ್ರಾ?”

ಉಗುರಿನಿಂದ ಚೀಟಿ ಎಬ್ಬಿಸಿದರು. ಇಪ್ಪತ್ತನಾಲ್ಕು ವೋಲ್ಟ್. ಡ್ರೈವಿಗೆ ಬೇಕಾದದ್ದು ಹನ್ನೆರಡು. “ಇದು ಯಾವುದೋ ಪ್ರಿಂಟರಿಂದು. ಪಿನ್ ಒಂದೇ ಅಳತೆ, ಅದಕ್ಕೆ ಸಲೀಸಾಗಿ ಕೂತಿದೆ. ಬೋರ್ಡ್ ಸುಟ್ಟುಹೋಗಿದೆ. ಮಾಹಿತಿ ಇರೋ ಒಳಗಿನ ತಟ್ಟೆ ಉಳಿದಿರಬಹುದು. ಆದ್ರೆ ಇದೇ ಮಾದರಿ ಬೋರ್ಡ್ ತರಿಸೋಕೆ ಒಂದು ತಿಂಗಳು ಬೇಕು. ಗ್ಯಾರಂಟಿ ಕೊಡಲ್ಲ.”

ಎರಡು ಕಪ್ಪು ಡಬ್ಬಿಗಳು, ಅಮ್ಮನ ಪ್ರಿಂಟರಿನದೊಂದು, ಡ್ರೈವಿನದೊಂದು. ಒಂದೇ ಗಾತ್ರ. ಡ್ರೈವ್ ಮನೆಯಲ್ಲಿರಲಿಲ್ಲ; ನೆನಪಿನಿಂದಲೇ ಅಂಟಿಸಿದೆ. ನನ್ನ ನೆನಪು ತಪ್ಪುವುದಿಲ್ಲ, ಅಲ್ಲವೇ...

ಚೀಟಿ ನನ್ನ ಬೆರಳಿಗೆ ಅಂಟಿಕೊಂಡು ಬಂತು. ‘ಡ್ರೈವ್’. ನನ್ನದೇ ಅಕ್ಷರ.

ಮಾರ್ಚ್ 8, ಭಾನುವಾರ — ಬೆಳಿಗ್ಗೆ 10.00

ಅಮ್ಮನಿಗೆ ಹೇಳಿದೆ. ಬೈಯಲಿಲ್ಲ. ಪ್ರಿಂಟರಿಗೆ ಅದರದೇ ಅಡಾಪ್ಟರ್ ಹಾಕಿದಳು. ಅದು ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ಕುಳಿತು ಪ್ರಶ್ನೆಪತ್ರಿಕೆ ಹೊರಹಾಕತೊಡಗಿತು. ಹತ್ತು ಪ್ರತಿ. ಆ ಸದ್ದನ್ನು ಕೇಳುತ್ತ ನಿಂತೆ.

“ಆ ಹುಡುಗಿ ಹತ್ರ ಹೋಗ್ತೀಯಾ, ಇಲ್ಲ ನಾನೇ ಕರೀಲಾ?”

“ಹೋಗ್ತೀನಿ” ಎಂದೆ.

ಹೋಗಲಿಲ್ಲ.

ಮಾರ್ಚ್ 10, ಮಂಗಳವಾರ — ಸಂಜೆ 6.10

ಅವಳೇ ಬಂದಳು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಒಂದು ಪೆನ್‌ಡ್ರೈವ್ ಚಾಚಿದಳು.

“ಏನಿದು?”

“ನಿನ್ನದೇ. ಅವತ್ತು ತಗೊಂಡಿದ್ದು ನೋಟ್ಸ್ ಮಾತ್ರ ಅಲ್ಲ. ಪೂರ್ತಿ ಕಾಪಿ ಮಾಡ್ಕೊಂಡೆ.”

“ಯಾಕೆ?”

“ನೀನು ಹೇಗೆ ಬರೀತೀಯ ಅಂತ ನೋಡ್ಬೇಕಿತ್ತು. ತಪ್ಪೇ. ಆರು ದಿನ ಹೇಳೋಕೆ ಧೈರ್ಯ ಬರಲಿಲ್ಲ. ಬೈಯೋದಿದ್ರೆ ಈಗ್ಲೇ ಬೈದ್ಬಿಡು. ಲ್ಯಾಬಲ್ಲಿ ಬೈದಿದ್ದು ಬೇರೆ ಕೇಸು, ಅದನ್ನ ಇದಕ್ಕೆ ಸೇರಿಸ್ಬೇಡ.”

ಜೋಡಿಸಿದೆ. ಎರಡು ಫೋಲ್ಡರ್, ಎರಡು ಬಣ್ಣ. ಹನ್ನೊಂದು ತಿಂಗಳೂ ಇವೆ. ನೆಲದ ಮೇಲೆಯೇ ಕುಳಿತೆ.

“ಇನ್ನೊಂದು,” ಎಂದಳು. “ಮೂರನೇ ಅಧ್ಯಾಯದ ಒಂಬತ್ತನೇ ನಕ್ಷೆ ನೋಡು. ಡೆಸಿಮಲ್ ಪಾಯಿಂಟ್ ಒಂದು ಮನೆ ಜಾರಿದೆ. ನಿನ್ನ ಲೆಕ್ಕದಲ್ಲಿ ಆ ಸೇತುವೆ ಉಯ್ಯಾಲೆ ಆಗಿತ್ತು.”

ನೋಡಿದೆ. ಜಾರಿದೆ.

ಚೀಟಿಯ ವಿಷಯ ಹೇಳಲು ಬಾಯಿ ತೆರೆದೆ. “ನೀರು ಕುಡೀತೀಯಾ?” ಎಂದಿತು ಬಾಯಿ.

“ಬೇಡ. ಶುಕ್ರವಾರ ಪ್ರಬಂಧ ಕೊಡೋಕೆ ಇದೇ ದಾರೀಲಿ ಹೋಗ್ತೀನಿ. ಒಟ್ಟಿಗೇ ಹೋಗೋಣ, ನಿನಗೆ ನನ್ನ ಮುಖ ನೋಡೋಕಾದ್ರೆ.”

ಮಾರ್ಚ್ 13, ಶುಕ್ರವಾರ — ಬೆಳಿಗ್ಗೆ 8.20

ಪ್ರಬಂಧ ಸಿದ್ಧ. ಅಮ್ಮನ ಪ್ರಿಂಟರಿನಲ್ಲೇ ಮುದ್ರಿಸಿದೆ. ಒಂಬತ್ತನೆಯ ನಕ್ಷೆ ಸರಿಯಾಗಿದೆ. ಕೃತಜ್ಞತೆಯ ಪುಟದಲ್ಲಿ ಅವಳ ನಿಜವಾದ ಹೆಸರಿದೆ. ಅಷ್ಟು ಸಾಲದು ಎಂಬುದು ತಿಳಿದಿದೆ.

ಚೀಟಿಯನ್ನು ಈ ಪುಟಕ್ಕೇ ಅಂಟಿಸಿದ್ದೇನೆ. ಅಂಚು ಮಡಚಿಕೊಂಡಿದೆ.

ಹತ್ತಕ್ಕೆ ಲ್ಯಾಬ್. ಅದೇ ಆರು ಜನ ಇರುತ್ತಾರೆ. ಅವರ ಮುಂದೆ ಹೇಳಿದ್ದನ್ನು ಅವರ ಮುಂದೆಯೇ ಹಿಂದೆಗೆದುಕೊಳ್ಳಬೇಕು. ವಾಕ್ಯ ಚಿಕ್ಕದು: ಡ್ರೈವ್ ಸುಟ್ಟಿದ್ದು ನಾನು. ಮೂರೇ ಪದ. ಕನ್ನಡಿಯ ಮುಂದೆ ಎಂಟು ಬಾರಿ ಹೇಳಿ ನೋಡಿದೆ. ಎರಡು ಪದಗಳವರೆಗೆ ಸಲೀಸು.

ಬಾಗಿಲ ಗಂಟೆ. ಅಮ್ಮ ಕೂಗುತ್ತಿದ್ದಾಳೆ — “ಬಂದಿದ್ದಾಳೆ ನೋಡೇ!”

ಆ ಆರು ಜನರಿಗಿಂತ ಮೊದಲು ಇವಳೊಬ್ಬಳಿಗೆ. ಇಲ್ಲೇ, ಹೊಸ್ತಿಲಲ್ಲೇ. ಕೊನೆಯದಾಗಿ ಒಮ್ಮೆ ಬರೆದು ನೋಡುತ್ತೇನೆ — ಡ್ರೈವ್ ಸುಟ್ಟಿದ್ದು