ಕೊರಳಿನ ಲಿಂಗವನ್ನು ಒಡವೆ ಎಂದ ಪಾಠಕ್ರಮಕ್ಕೆ

ದಾದಿಯರ ಪಾಠಕ್ರಮ ತಿದ್ದಲು ಕುಳಿತಿರುವ ಸಮಿತಿಯ ಘನ ಅಧ್ಯಕ್ಷರೇ,

ನಿಮ್ಮ ಪಾಠವನ್ನು ಒಂದು ತಪ್ಪೂ ಇಲ್ಲದೆ ಪಾಲಿಸಿದ್ದರಿಂದ ನನ್ನ ಮೊಮ್ಮಗ ಸತ್ತ. ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡಿ ಬೆಳೆದ ಗಂಟಲು ನನ್ನದು. ಮೆಲ್ಲಗೆ ಹೇಳಲು ಬಾರದು, ಮನ್ನಿಸಬೇಕು.

ಕಳೆದ ಶ್ರಾವಣದಲ್ಲಿ ಚಿತ್ತಾಪುರದ ನಮ್ಮ ಮನೆಯಲ್ಲಿ ಮಗಳು ಗುರುಲಿಂಗಮ್ಮನಿಗೆ ಹೆರಿಗೆ ಬೇನೆ ಎದ್ದಿತು. ಸರ್ಕಾರಿ ದವಾಖಾನೆಯಿಂದ ಹೊಸ ನರ್ಸು ರತ್ನಾಬಾಯಿ ಬಂದಳು. ಮರಾಠಿ ಸೀಮೆಯ ಪರಭಣಿ ಕಡೆಯ ಹುಡುಗಿ, ನಿಮ್ಮ ಪರೀಕ್ಷೆಯಲ್ಲಿ ಮೊದಲ ದರ್ಜೆ. ಕೈ ತೊಳೆದಳು, ಕತ್ತರಿ ಕುದಿಸಿದಳು, ಆಮೇಲೆ ನೀವು ಕಲಿಸಿದಂತೆ ಒಡವೆ ಬಿಚ್ಚಿಸತೊಡಗಿದಳು. ಬಳೆ ಆಯಿತು, ಮೂಗುತಿ ಆಯಿತು. ಕೊನೆಗೆ ಮಗಳ ಕೊರಳಿನ ಬೆಳ್ಳಿ ಕರಡಿಗೆಗೆ ಕೈ ಹಾಕಿ, "ಈ ಡಬ್ಬೀನೂ ತೆಗೀರಿ" ಅಂದಳು.

ಡಬ್ಬಿಯಂತೆ! ಅದರೊಳಗೆ ಇಷ್ಟಲಿಂಗ ಇದೆ, ಮಣ್ಣಿಗೂ ನಾವು ಅದರೊಡನೆಯೇ ಹೋಗುತ್ತೇವೆ ಎಂದು ಆ ಹುಡುಗಿಗೆ ಯಾರು ಹೇಳಬೇಕಿತ್ತು? ನನ್ನ ಅಕ್ಕ ಮಾಣಿಕಮ್ಮ, "ಜೀವ ಹೋದ ಮ್ಯಾಲೂ ತೆಗಿಯೋದಲ್ಲ ಇದು. ನೀ ಹೊರಗ ನಡಿ ತಂಗಿ" ಎಂದು ಬಾಗಿಲು ಹಾಕಿದಳು. ಕೂಸು ಹುಟ್ಟಿತು, ಅಳಲಿಲ್ಲ. ಅಂಥ ಕೂಸಿಗೆ ಉಸಿರು ತರಿಸುವುದನ್ನು ಕಲಿತವಳು ಅಂಗಳದಲ್ಲಿ ನಿಂತು ಬಾಗಿಲು ಬಡಿಯುತ್ತಿದ್ದಳು. ತೆರೆಯುವಷ್ಟರಲ್ಲಿ ಕೂಸು ತಣ್ಣಗಾಗಿತ್ತು.

ಬಾಗಿಲು ಹಾಕಿದ ನಮ್ಮನ್ನು ನಿಮ್ಮ ಕಚೇರಿ ಕೇಳಲಿಲ್ಲ, ಪಾಠ ಬರೆದವರನ್ನೂ ಕೇಳಲಿಲ್ಲ. ಬೇನೆಯಲ್ಲಿದ್ದವಳನ್ನು ಬಿಟ್ಟು ಹೊರಗೆ ನಿಂತಳೆಂದು ರತ್ನಾಬಾಯಿಯನ್ನು ಕೆಲಸದಿಂದ ತೆಗೆಯಿತು. ಭಲೇ ನ್ಯಾಯ! ಈಗ ಪಾಠಕ್ರಮದ ಗುಣದೋಷ ನೋಡಲೆಂದು ತಾವು ಶಹಾಬಾದಿಗೆ ದಯಮಾಡಿಸಿದಿರಿ. ಡಾಕ್ಟರರೊಡನೆ ಚಹಾ ಆಯಿತು. ಕಬ್ಬಿಣದ ಮಂಚಕ್ಕೆ ಚಾದರ ಹಾಸುವ ಪಾಠ ಇನ್ನಷ್ಟು ವಿಸ್ತಾರವಾಗಬೇಕೆಂಬ ತೀರ್ಮಾನವೂ ಆಯಿತು. ಹಾಸುಗಲ್ಲಿನ ಮೇಲೆ ಗೋಣಿ ಹಾಸಿ ಹೆರುವ ಸೇಡಂ, ಚಿಂಚೋಳಿಯ ಹೆಣ್ಣುಮಕ್ಕಳು ಆ ಮಂಚವನ್ನು ಎಲ್ಲಿಂದ ತರಬೇಕು? ನಿಜಾಮರ ಕಾಲ ಮುಗಿದರೂ ಪುಸ್ತಕ ಇಂಗ್ಲಿಷಿನಲ್ಲಿದೆ, ಪಾಠ ಉರ್ದುವಿನಲ್ಲಿದೆ, ನಮ್ಮವರು ನರಳುವುದು ಮಾತ್ರ ಕನ್ನಡದಲ್ಲಿ. ಹೆತ್ತ ಒಬ್ಬಳನ್ನಾದರೂ ಕರೆದು ಕೇಳಿದಿರಾ?

ಮಗಳಿಗೆ ಈಗ ಮತ್ತೆ ಏಳು ತಿಂಗಳು. ಯಾರನ್ನು ಕರೆಸಲಿ ಎಂದು ಕೇಳಿದೆ. "ಅದೇ ನರ್ಸಬಾಯೀನ ಕರ್ಕೊಂಡ ಬಾರಪ್ಪಾ" ಅಂದಳು. "ಲಿಂಗ ನನ್ನ ಕೊಳ್ಳಾಗ ಇರ್ತದ, ಆಕಿ ನನ್ನ ಬಾಜೂಕ ಇರಲಿ. ಮಾಣಿಕ ಅತ್ತೀಗೆ ನಾ ಹೇಳ್ತೀನಿ."

ಕಲಿಯುವ ದಾದಿಯರನ್ನು ನಮ್ಮ ಮನೆಗಳಿಗೆ ಕಳಿಸಿ. ಬಿಚ್ಚಬಾರದ್ದು ಯಾವುದೆಂದು ನಾವು ಕಲಿಸುತ್ತೇವೆ. ಅದಕ್ಕೂ ಮೊದಲು ರತ್ನಾಬಾಯಿಯನ್ನು ಚಿತ್ತಾಪುರಕ್ಕೆ ಹಿಂದಿರುಗಿಸಿ. ನಿಮ್ಮ ಸಮಿತಿ ಮುಂದಿನ ವರ್ಷವೂ ಕೂಡಬಹುದು. ನನ್ನ ಮಗಳು ಅಲ್ಲಿಯವರೆಗೆ ಕಾಯಲಾರಳು.

ಇಂತಿ,
ಅಜ್ಜನ ಪಾರ್ಟು ಸಿಕ್ಕ ಗಳಿಗೆಯಲ್ಲೇ ಕಳೆದುಕೊಂಡ
ಮಡಿವಾಳಯ್ಯ, ಚಿತ್ತಾಪುರ