ರಟ್ಟಿನ ಹಿಂದಿನ ನಾಲ್ಕು ಬೆರಳು

ಮಾರ್ಚ್ ೧೪, ಭಾನುವಾರ

ಮುದ್ದಿನ ಮಗಳೇ,

ನಿನ್ನ ಕಾಗದ ಬಂದು ಮೂರು ವಾರವಾಯಿತು, ಬೈಕೋಬೇಡ. ಶಾಲೆಗಳ ಗ್ರೂಪ್ ಫೋಟೋಗಳೆಲ್ಲ ಒಟ್ಟಿಗೇ ಬಂದು ಅಂಗಡಿಗೆ ಬಿದ್ದಿವೆ. ಫ್ರೇಮ್ ಹಾಕಿ ಹಾಕಿ ಸೊಂಟ ಬಿದ್ದುಹೋಗಿದೆ. ನಿಮ್ಮಪ್ಪ ಚೆನ್ನಾಗಿದ್ದಾರೆ, ಅಂದರೆ ಎಲ್ಲದರಲ್ಲೂ ತಪ್ಪು ಹುಡುಕುವಷ್ಟು ಚೆನ್ನಾಗಿದ್ದಾರೆ.

ಮಗುವಿನ ಕೋಣೆಗೆ ನಿನ್ನ ಡ್ರ್ಯಾಗನ್ ಚಿತ್ರ ಬೇಕು ಅಂತ ಬರೆದಿದ್ದೆಯಲ್ಲ, ನಿಮ್ಮಪ್ಪನನ್ನು ಮದುವೆಯಾಗಿ ನಾನು ಈ ಮನೆಗೆ ಬಂದ ವರ್ಷ ನೀನು ಬರೆದದ್ದು. ಗೋಡೆಯಿಂದ ಇಳಿಸಿ ಅಂಗಡಿಗೆ ತಂದಿದ್ದೇ ತಡ, ಪಂಚಾಯಿತಿ ಶುರುವಾಯಿತು.

"ಮೂರು ಜನ ಯೋಧರಲ್ಲಿ ಮುಂದೆ ನಿಂತಿರೋನು ನಾನೇ, ಮೂಗು ನೋಡಿ," ಅಂದರು ನಿಮ್ಮಪ್ಪ.

"ಕತ್ತಿ ಹಿಡಿದಿರೋದು ನೋಡಿದ್ರೆ ಸೌತೆಕಾಯಿ ಹೆಚ್ಚೋಕೆ ಹೊರಟ ಹಾಗಿದೆ, ನೀವೇ ಇರ್ಬೇಕು ಬಿಡಿ," ಅಂದ ಪಕ್ಕದ ಅಂಗಡಿ ಟೈಲರ್. "ಆದ್ರೆ ಅಷ್ಟು ದೊಡ್ಡ ರೆಕ್ಕೆ ಇದ್ದೂ ಅದು ಯಾಕೆ ಹಾರಿಹೋಗ್ತಿಲ್ಲ?"

"ಸೊಕ್ಕು ಕಣಯ್ಯಾ, ಸೊಕ್ಕು!" ಅಂದರು ನಿಮ್ಮಪ್ಪ.

ಹಳೇ ಗಾಜು ಬಿರುಕು ಬಿಟ್ಟಿತ್ತು. ಹಿಂದಿನ ಮೊಳೆ ಕಿತ್ತು, ಚಿತ್ರದ ಸುತ್ತಲಿನ ರಟ್ಟು ತೆಗೆದೆ. ಹದಿನಾರು ವರ್ಷದ ಹಿಂದೆ ನಾನೇ ಕತ್ತರಿಸಿದ ರಟ್ಟು. ಫ್ರೇಮಿನ ಅಳತೆಗೆ ಚಿತ್ರ ಉದ್ದವಾಯಿತು ಅಂತ ಕೆಳಗಿನ ನಾಲ್ಕು ಬೆರಳಷ್ಟನ್ನು ಅದರಡಿ ಮುಚ್ಚಿದ್ದೆ. ನೋಡುತ್ತೇನೆ, ಆ ಜಾಗದಲ್ಲಿ, ಡ್ರ್ಯಾಗನ್ನಿನ ಮುಂಗಾಲಿನ ಹಿಂದೆ, ಕಪ್ಪು ನೆರಳಿನಲ್ಲಿ ಒಂದು ಪುಟ್ಟ ಡ್ರ್ಯಾಗನ್ ಮರಿ ಕೂತಿದೆ! ಎರಡು ಜಡೆ, ಕೆಂಪು ರಿಬ್ಬನ್, ನೀನು ಆಗ ಹಾಕಿಕೊಳ್ಳುತ್ತಿದ್ದ ಹಾಗೇ. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂತು.

"ಅದಕ್ಕೇ ಕಣ್ರೀ ಅದು ಹಾರ್ತಿಲ್ಲ!" ಅಂತ ಕೂಗಿದೆ.

ನಿಮ್ಮಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಹಾಗಾದ್ರೆ ನಾನು ಮಗು ಮೇಲೆ ಕತ್ತಿ ಎತ್ಕೊಂಡು ಹೋಗ್ತಿದೀನಾ?" ಅಂತ ಮುಖ ಸಣ್ಣ ಮಾಡಿಕೊಂಡರು. ಊಟಕ್ಕೆ ಕೂತಾಗಲೂ ಅದೇ ಚಿಂತೆ, ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಈಗ ದೊಡ್ಡ ಫ್ರೇಮ್ ಕಟ್ಟಿದ್ದೇನೆ. ರಟ್ಟಿಲ್ಲ, ಅಂಚಿನಿಂದ ಅಂಚಿಗೆ ಪೂರ್ತಿ ಕಾಣುತ್ತದೆ. ಕೂಸು ಮಲಗಿದಲ್ಲಿಂದ ಮರಿ ಕಾಣುವಷ್ಟು ಕೆಳಗೆ ನೇತುಹಾಕು, ಮೊಳೆ ಮಾತ್ರ ಗಟ್ಟಿಯಾಗಿ ಹೊಡೆಸು. ನೀನು, ಅಳಿಯಂದಿರು, ಕೂಸು ಮೂವರೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ತಣ್ಣಗಿರಿ.

ನಿನ್ನ
ಚಿಕ್ಕಮ್ಮ

ತಾ.ಕ.: ಚಿತ್ರ ಉದ್ದವಾಯಿತು ಅಂದೆನಲ್ಲ, ಆ ಅಳತೆಯ ಮಾತು ಸುಳ್ಳು. ಗಾಜು ಕೊಯ್ಯುವಾಗ ತುದಿ ಹೋದ ನನ್ನ ಎಡಗೈಯ ನಡುಬೆರಳು ನಿನಗೆ ಗೊತ್ತಲ್ಲ. ಡ್ರ್ಯಾಗನ್ನಿನ ಎಡ ಮುಂಗಾಲಿನಲ್ಲೂ ನಡುವಿನ ಬೆರಳು ಮೊಂಡು. ಆ ರಾಕ್ಷಸಿ ನಾನೇ ಅಂತ ಅವತ್ತು ರಟ್ಟು ಕತ್ತರಿಸುವಾಗಲೇ ಗೊತ್ತಾಯಿತು. ಅದರಾಚೆ ನೋಡಲೇ ಇಲ್ಲ. ಬೇರೆಯವರಿಗೆ ಕಾಣದಿರಲಿ ಅಂತ ಬೇಕೆಂದೇ ಮುಚ್ಚಿದೆ. ಫ್ರೇಮ್ ಹಾಕಿ ಕೊಟ್ಟಾಗ ನೀನು ಕೆಳಗಿನ ಅಂಚನ್ನೇ ನೋಡುತ್ತಾ ನಿಂತಿದ್ದು, ಒಳಗೆ ಹೋದೆ. ನೀನು ನನಗೆ ಬೇಡ ಅಂತ ಮುಚ್ಚಿದೆ ಅಂದುಕೊಂಡೆಯಾ ಕಂದಾ? ಇಷ್ಟು ವರ್ಷ ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀನು ನನ್ನ ಕಾಲ ಹಿಂದೆಯೇ ಕೂತಿದ್ದೆ, ನಾನು ನೋಡಲಿಲ್ಲ.